ಮರಿ ತರುವ ಮೊದಲು ಕೇಳಬೇಕಾದ ಮಾತು

ಕೇಳುಗರಿಗೆಲ್ಲ ನಮಸ್ಕಾರ. ಮೂವತ್ತು ವರ್ಷ ಪಶುವೈದ್ಯನಾಗಿದ್ದವನು ನಾನು. ನಾಯಿಮರಿ ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಒಂದೇ ಮಾತು. ಕಿವಿ ನೆಟ್ಟಗಿದೆಯೋ, ಬಣ್ಣ ಯಾವುದು, ಅಪ್ಪ ಚಾಂಪಿಯನ್ನೋ, ಅದೆಲ್ಲ ಆಮೇಲೆ. ದುಡ್ಡು ಎಣಿಸುವ ಮೊದಲು ಬ್ರೀಡರನ್ನು, ಅಂದರೆ ಮರಿ ಹಾಕಿಸಿ ಮಾರುವವರನ್ನು, ಕೇಳಿ: "ನಮಗೆ ಸಾಕಲು ಆಗದಿದ್ದರೆ ನೀವು ವಾಪಸ್ ತಗೊಳ್ತೀರಾ?" ತಗೊಳ್ತೀವಿ ಅಂದರೆ ಬರೆಸಿಕೊಳ್ಳಿ. ಗೊಣಗಿದರೆ ಎದ್ದು ಬನ್ನಿ.

"ಮೂರು ದಿನ ಗ್ಯಾರಂಟಿ ಇದೆ ಸಾರ್" ಅನ್ನುತ್ತಾರೆ ಕೆಲವರು. ಪಾರ್ವೊ ಅನ್ನುವ ಕರುಳಿನ ವೈರಸ್ ಸೋಂಕು ತಗುಲಿದ ಮರಿಗೆ ವಾಂತಿ, ರಕ್ತಭೇದಿ ಶುರುವಾಗಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ರೋಗ ಇನ್ನೂ ನಿಧಾನ. ಬ್ರೀಡರ ಹತ್ತಿರ ತಗುಲಿದ ರೋಗ ನಿಮ್ಮ ಮನೆಯಲ್ಲಿ ಕಾಣುವ ಹೊತ್ತಿಗೆ ಗ್ಯಾರಂಟಿ ಮುಗಿದಿರುತ್ತದೆ! ನಾನು ಕೇಳಿ ಅನ್ನುತ್ತಿರುವುದು ಮೂರು ದಿನದ ಮಾತಲ್ಲ, ಮೂರು ವರ್ಷವಾದ ಮೇಲಿನ ಮಾತು.

ಧಾರವಾಡದಲ್ಲಿ ಬ್ಯಾಂಕಿನವರೊಬ್ಬರು ಮುಧೋಳ ನಾಯಿಯ ಮರಿ ತಂದಿದ್ದರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ, ನೋಡಿದವರಿಗೆ ಆಸೆ ಆಗುವುದು ಸಹಜ. ಮುಧೋಳದ ಕಡೆಯ ಒಂದು ಹಳ್ಳಿಯ ಅಜ್ಜ ಕೊಟ್ಟಿದ್ದು. ಆತ ಮೊದಲು ಕೇಳಿದ್ದು, "ಮನೀಗಿ ಅಂಗಳ ಎಷ್ಟದ ರೀ?" ಇವರು "ಭಾಳ ಅದ ಅಜ್ಜಾರ" ಅಂದುಬಿಟ್ಟರು. ಇದ್ದದ್ದು ಮೊದಲ ಮಹಡಿಯ ಬಾಡಿಗೆ ಮನೆ. ಅಜ್ಜ ರೊಕ್ಕ ಇಸ್ಕೊಂಡು, "ಸಾಕ್ಲಿಕ್ಕೆ ಆಗ್ಲಿಲ್ಲಂದ್ರ ನನ್ನ ಕಡೆ ತಂದ್ ಬಿಡ್ರಿ. ಹಾದ್ಯಾಗ ಬಿಟ್ಟೀರಿ ಮತ್ತ!" ಅಂದಿದ್ದನಂತೆ.

ಅದು ಬೇಟೆ ನಾಯಿ, ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ಜಾತಿ. ಹತ್ತು ತಿಂಗಳಿಗೆ ಸೋಫಾ ಮುಗಿಯಿತು, ಚಪ್ಪಲಿ ಮುಗಿದವು, ಕಡೆಗೆ ಪಕ್ಕದ ಮನೆಯ ನಾಲ್ಕು ಕೋಳಿ. ಅವತ್ತು ಸಂಜೆ ನಮ್ಮ ದವಾಖಾನೆಗೆ ಬಂದು, "ಡಾಕ್ಟ್ರೇ, ಕಲಘಟಗಿ ಕಡೆ ಕಾಡಿನ್ಯಾಗ ಬಿಟ್ಟು ಬರ್ಲೇನು?" ಅಂದರು. ಬೈಯಬಾರದಿತ್ತು, ಬೈದೆ. ಅಜ್ಜನ ಮಾತು ನೆನಪು ಮಾಡಿಸಿ, ಭಾನುವಾರ ಒಂದು ಟೆಂಪೊ ಮಾಡಿಕೊಂಡು ನಾನೂ ಜೊತೆಗೆ ಹೊರಟೆ. ಮುಧೋಳದ ಹಾದಿಯಲ್ಲಿ ಲೋಕಾಪುರ ದಾಟಿದ ಮೇಲೆ ಆ ನಾಯಿ ಗಾಳಿಗೆ ಮೂತಿ ಕೊಟ್ಟು ನಿಂತದ್ದು ಕೂರಲೇ ಇಲ್ಲ.

ಅಜ್ಜ ಬ್ಯಾಂಕಿನವರ ಮುಖ ನೋಡಲಿಲ್ಲ. ನಾಯಿಯ ಕಾಲೆತ್ತಿ ನನಗೆ ತೋರಿಸಿದ: "ಉಗುರು ನೋಡ್ರಿ ಡಾಕ್ಟ್ರ. ಇದು ಓಡೇ ಇಲ್ಲ." ನಿಜ, ನೆಲ ಉಜ್ಜದ ಉಗುರು ಕೊಕ್ಕೆಯಂತೆ ಬೆಳೆದಿತ್ತು. ಅದನ್ನು ಉಳಿದ ನಾಯಿಗಳ ಹತ್ತಿರ ಬಿಡಲಿಲ್ಲ. ಎರಡು ವಾರ ಆಚೆ ಕೊಟ್ಟಿಗೆಯಲ್ಲಿ ಬೇರೆ ಕಟ್ಟುತ್ತೇನೆ ಅಂದ. ನಾವು ಕಾಲೇಜಿನಲ್ಲಿ ಓದಿ ಕಲಿತದ್ದನ್ನು ಆತ ಓದದೆಯೇ ತಿಳಿದಿದ್ದ. "ವಾಪಸ್ ತಗೊಂಡರೆ ನಮ್ಮ ಮರಿಗಳಿಗೆ ರೋಗ ಹರಡುತ್ತದೆ" ಎಂದು ನೆಪ ಹೇಳುವ ಬ್ರೀಡರುಗಳು ಇದನ್ನು ಕೇಳಿಸಿಕೊಳ್ಳಲಿ.

ಚಹಾ ಕುಡಿಯುವಾಗ ಬ್ಯಾಂಕಿನವರು ಮೆಲ್ಲಗೆ, "ಅರ್ಧಾ ರೊಕ್ಕಾನಾದ್ರೂ..." ಅಂದರು. ಅಜ್ಜ ನಕ್ಕ. "ರೊಕ್ಕ ವಾಪಸ್ ಕೊಡ್ತೀನಂದಿದ್ನೇನ್ರೀ? ನಾಯಿ ವಾಪಸ್ ತಗೋತೀನಂದಿದ್ದೆ." ಆ ನಾಯಿ ಮುಂದೆ ಒಬ್ಬ ಕುರಿಗಾರನ ಹಿಂದೆ ಹೋಯಿತು. ಉಗುರು ತಾನೇ ಸವೆದಿರಬೇಕು.

ನನಗೆ ಕೊಟ್ಟ ಸಮಯದಲ್ಲಿ ಮುಕ್ಕಾಲು ಪಾಲು ಅಜ್ಜನೇ ನುಂಗಿದ. ಉಳಿದದ್ದನ್ನು ಬೇಗ ಹೇಳುತ್ತೇನೆ. ಕೇಂದ್ರ ಸರ್ಕಾರದ 2017ರ ನಿಯಮದ ಪ್ರಕಾರ ಬ್ರೀಡರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, 8 ವಾರ ತುಂಬದ ಮರಿಯನ್ನು ಮಾರಬಾರದು. ನೋಂದಣಿ ಪತ್ರ ತೋರಿಸಿ ಅನ್ನಿ, ನಾಚಿಕೆ ಬೇಡ. ನಾಯಿಯನ್ನು ಬೀದಿಗೆ ಬಿಟ್ಟು ಉಪವಾಸ ಕೆಡವುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ. ಒಂದು ಪ್ಲೇಟ್ ಇಡ್ಲಿ-ವಡೆಯ ದುಡ್ಡು! ಅದಕ್ಕೇ ಹೇಳುತ್ತಿರುವುದು, ಕಾನೂನನ್ನು ನಂಬಿ ಕೂರಬೇಡಿ, ಚೀಟಿ ಬರೆಸಿಕೊಳ್ಳಿ. ಎಷ್ಟು ವಯಸ್ಸಾದರೂ ತಗೊಳ್ತಾರೆಯೇ, ಹಣ ಎಷ್ಟು ಬರುತ್ತದೆ, ಬರುವುದೇ ಇಲ್ಲವೇ, ಸಾಗಿಸುವ ಖರ್ಚು ಯಾರದು, ಎಲ್ಲವೂ ಅದರಲ್ಲಿ ಇರಲಿ.

ಹಿಂದಿರುಗಿಸುವ ಪ್ರಸಂಗ ಬಂದೇ ಬಂದರೆ ಲಸಿಕೆಯ ಪುಸ್ತಕ ಮರೆಯಬೇಡಿ. ನಾಯಿ ಮಲಗುತ್ತಿದ್ದ ಹಳೆಯ ಚಾದರವನ್ನೂ ಒಗೆಯದೆ ಜೊತೆಗೆ ಕಳಿಸಿ. ಹೊಸ ಜಾಗದ ಮೊದಲ ರಾತ್ರಿ ಅದಕ್ಕೆ ಗುರುತಿನ ವಾಸನೆ ಅದೊಂದೇ. ನಮಸ್ಕಾರ.