ಜ್ವರ ನೋಡಿದ್ದಾಯಿತು, ಉಸಿರು ಎಣಿಸಿದಿರಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಐಸಿಯು ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸುವವರೆಲ್ಲರದೂ ಒಂದೇ ಪ್ರಶ್ನೆ: "ಉಳಿಯುತ್ತಾರಾ ಡಾಕ್ಟರೇ? ಎಷ್ಟು ಪರ್ಸೆಂಟ್?" ಅದಕ್ಕೂ ಲೆಕ್ಕವಿದೆ. 1996ರಲ್ಲಿ ಪ್ರಕಟವಾದ 'ಸೋಫಾ' ಎಂಬ ಅಂಕಪಟ್ಟಿ. ಕೂರುವ ಸೋಫಾ ಅಲ್ಲ. ಶ್ವಾಸಕೋಶ, ರಕ್ತದೊತ್ತಡ, ಮೂತ್ರಪಿಂಡ, ಯಕೃತ್ತು, ಮಿದುಳು, ರಕ್ತ ಹೆಪ್ಪುಗಟ್ಟುವ ಶಕ್ತಿ, ಈ ಆರಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಒಟ್ಟು 24. ಇಲ್ಲಿ ಕಡಿಮೆ ಅಂಕ ಬಂದವರೇ ಪಾಸು. ಆದರೆ ಅಂಕ ಏರುವ ಮೊದಲೇ ಕರೆತರುವುದು ನಿಮ್ಮ ಕೈಯಲ್ಲಿದೆ. ಅದಕ್ಕೆ ಜ್ವರ ಬಂದವರ ಉಸಿರು ಎಣಿಸಿ.

ಹೊಸನಗರದ ಕಡೆಯ ಒಂದು ತೋಟದ ಮನೆ. ಸಸಿ ನಾಟಿಯ ಕಾಲ. ಯಜಮಾನರಿಗೆ ಜ್ವರ, ಮೀನಖಂಡದ ನೋವು. ಮಳೆಯಲ್ಲಿ ನೆನೆದದ್ದಕ್ಕೆ ಎಂದು ಕಷಾಯವಾಯಿತು, ಪ್ಯಾರಾಸಿಟಮಾಲ್ ಆಯಿತು. ಜ್ವರ ಇಳಿಯಿತು, ಮನೆಯವರಿಗೆ ನೆಮ್ಮದಿ. ಸೊಸೆ ಆಶಾ ಕಾರ್ಯಕರ್ತೆ. ನ್ಯುಮೋನಿಯಾ ಇದೆಯೇ ಎಂದು ಮಕ್ಕಳ ಉಸಿರು ಎಣಿಸಿ ಅಭ್ಯಾಸ. ಮಾವನಿಗೆ ಮಂಪರು ಹತ್ತಿದಾಗ ಕಂಬಳಿ ಸರಿಸಿ, ಮೊಬೈಲಿನಲ್ಲಿ ಸಮಯ ನೋಡುತ್ತ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿದರು. 32. ಮತ್ತೆ ಎಣಿಸಿದರು, ಅಷ್ಟೇ. "ಈ ಮಳೆಯಲ್ಲಿ ಎಲ್ಲಿಗೆ ಹೋಗುತ್ತೀಯೇ, ಬೆಳಗಾಗಲಿ" ಎಂದರಂತೆ ಅತ್ತೆ. ಆ ಹೆಣ್ಣುಮಗಳು ಕೇಳಲಿಲ್ಲ. ಪಕ್ಕದ ಮನೆಯವರನ್ನು ಎಬ್ಬಿಸಿ ಜೀಪು ಹೊರಡಿಸಿದರು. ದಾರಿಯಲ್ಲಿ ಮರ ಬಿದ್ದಿತ್ತು. ಕತ್ತಿಯಲ್ಲಿ ಕೊಂಬೆ ಕಡಿದುಕೊಂಡು ಬಂದರು. ನಮ್ಮಲ್ಲಿಗೆ ತಲುಪುವಾಗ ಕಣ್ಣು ಹಳದಿಗೆ ತಿರುಗುತ್ತಿತ್ತು, ಮೂತ್ರ ಕಡಿಮೆಯಾಗಿತ್ತು. ಇಲಿಜ್ವರದ ಅನುಮಾನ. ರಕ್ತದ ವರದಿಗೆ ಕಾಯದೆ ಆಂಟಿಬಯಾಟಿಕ್ ಕೊಟ್ಟೆವು. ವರದಿಯೂ ಅದನ್ನೇ ಹೇಳಿತು. ವೆಂಟಿಲೇಟರ್ ಬೇಕಾಗಲಿಲ್ಲ, ಡಯಾಲಿಸಿಸ್ಸೂ ಬೇಕಾಗಲಿಲ್ಲ. ವಾರ್ಡಿಗೆ ಹೋದ ಮೇಲೆ ಎಲೆಅಡಿಕೆ ಕೇಳಿ ಸಿಸ್ಟರ್ ಹತ್ತಿರ ಬೈಸಿಕೊಂಡರು!

ಮಾತ್ರೆ ಜ್ವರವನ್ನು ಇಳಿಸಿ ನಿಮ್ಮನ್ನು ಏಮಾರಿಸುತ್ತದೆ. ಉಸಿರು ಏಮಾರಿಸುವುದಿಲ್ಲ. ಸುಮ್ಮನೆ ಮಲಗಿದ ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20. ಜ್ವರದ ಜೊತೆ 22 ಮುಟ್ಟಿತೋ, ಹೊರಡಿ. ಮಾತು ಅಸಂಬದ್ಧವಾದರೆ ಎಣಿಸುತ್ತಲೂ ಕೂರಬೇಡಿ. ಮಕ್ಕಳ ಲೆಕ್ಕ ಬೇರೆ. ಎಣಿಸುತ್ತಿದ್ದೇನೆಂದು ರೋಗಿಗೆ ಹೇಳಬೇಡಿ, ಗೊತ್ತಾದರೆ ಉಸಿರಾಟವನ್ನೇ ಬದಲಿಸಿಬಿಡುತ್ತಾರೆ.

ಓದಿಕೊಂಡವರು ರಕ್ತದ ಆಮ್ಲಜನಕ ತೋರಿಸುವ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ, "98 ಇದೆಯಲ್ಲ ಡಾಕ್ಟರೇ" ಎಂದು ವಾದಕ್ಕೆ ನಿಲ್ಲುತ್ತಾರೆ. ಇರಲಿ ಸ್ವಾಮಿ. ನಿಮಿಷಕ್ಕೆ ಮೂವತ್ತು ಸಲ ಏದುಸಿರು ಬಿಟ್ಟು ಸಂಪಾದಿಸಿದ 98 ಅದು. ಉಸಿರು ಎಣಿಸಿ.

ವೆಂಟಿಲೇಟರಿನಲ್ಲಿರುವವರ ತಲೆಯ ಕಡೆ ಮಂಚ ಏರಿಸುವುದು, ದಿನಕ್ಕೊಮ್ಮೆ ನಿದ್ದೆಯ ಔಷಧ ನಿಲ್ಲಿಸಿ ಎಬ್ಬಿಸುವುದು, ಬೇಗ ಕೂರಿಸಿ ನಡೆಸುವುದು, ಇವುಗಳನ್ನೂ ಬರೆದುಕೊಂಡು ಬಂದಿದ್ದೆ. ಸಮಯವಾಯಿತೆಂದು ಸ್ಟುಡಿಯೋ ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ. ಒಂದೇ ಮಾತು: ಆಸ್ಪತ್ರೆಗೆ ಬರುವಾಗ, ರೋಗಿಗೆ ಅದುವರೆಗೆ ಕೊಟ್ಟ ಮಾತ್ರೆಗಳ ಚೀಟಿ ತನ್ನಿ. ಚೀಟಿ ಇಲ್ಲವೇ, ಖಾಲಿ ಸ್ಟ್ರಿಪ್ಪಾದರೂ ಆದೀತು. ನಮಸ್ಕಾರ.