ಪ್ಯಾರಿಸ್ ಪಾಸ್ ಟಿಕೆಟ್ ಅಲ್ಲ, ಮೀಟರ್!

[ತೆರೆಯ ಮೇಲೆ: ಓಡುತ್ತಿರುವ ಗಡಿಯಾರ]

ನಮಸ್ಕಾರ! ಪ್ಯಾರಿಸ್‌ಗೆ ಹೊರಟವರೆಲ್ಲ ಕೇಳುವ ಪ್ರಶ್ನೆ ಒಂದೇ. "ಮ್ಯೂಸಿಯಂ ಪಾಸ್ ತಗೊಂಡ್ರೆ ದುಡ್ಡು ಉಳಿಯುತ್ತಾ?" ನಾನು ತಿರುಗಿ ಕೇಳೋದೂ ಒಂದೇ. ಎಷ್ಟು ಗಂಟೆಗೆ ಶುರು ಮಾಡ್ತೀರಿ?

ಯಾಕೆ ಅಂತ ಹೇಳ್ತೀನಿ. ಅದಕ್ಕೂ ಮೊದಲು ಬೇಗ ಬೇಗ ಒಂದಿಷ್ಟು ವಿಷಯ. ಪ್ಯಾರಿಸ್ ಮ್ಯೂಸಿಯಂ ಪಾಸ್‌ಗೆ ಒಮ್ಮೆ ದುಡ್ಡು ಕೊಟ್ಟರೆ ಊರೊಳಗೆ ಮತ್ತು ಸುತ್ತಮುತ್ತ ಇರುವ 50ಕ್ಕೂ ಹೆಚ್ಚು ಜಾಗಗಳಿಗೆ ಹೋಗಬಹುದು. ಒಂದು ಜಾಗಕ್ಕೆ ಒಂದೇ ಸಲ. 48, 96, 144 ಗಂಟೆ ಅಂತ ಮೂರು ಬಗೆ ಇದೆ. ಐಫೆಲ್ ಟವರ್ ಇದರಲ್ಲಿ ಸೇರಿಲ್ಲ. ಮೆಟ್ರೋ ಕೂಡ ಸೇರಿಲ್ಲ. ಆಯ್ತು, ಮುಂದಕ್ಕೆ.

ಗಮನಿಸಿದಿರಾ? ಎರಡು ದಿನ ಅಂದಿಲ್ಲ, 48 ಗಂಟೆ ಅಂದಿದ್ದಾರೆ. ಮೊದಲ ಬಾಗಿಲಲ್ಲಿ ಸ್ಕ್ಯಾನ್ ಆದ ಕ್ಷಣದಿಂದ ಲೆಕ್ಕ ಶುರು. ಟ್ಯಾಕ್ಸಿ ಮೀಟರ್ ಇದ್ದ ಹಾಗೆ. ನೀವು ಸುಮ್ನೆ ಕೂತರೂ ಓಡುತ್ತೆ, ಮಲಗಿದರೂ ಓಡುತ್ತೆ.

ನಾನು ಮೊದಲ ಸಲ ಹೋದಾಗ ಬೆಳಿಗ್ಗೆ 10ಕ್ಕೇ ಹಳೆಯ ಸ್ಮಾರಕ ಭವನ ಪಾಂಥಿಯಾನ್‌ನಲ್ಲಿ ಸ್ಕ್ಯಾನ್ ಮಾಡಿಸಿಬಿಟ್ಟೆ. ಭೂಮಿ ತಿರುಗುತ್ತಿದೆ ಅಂತ ಫ್ರೆಂಚ್ ವಿಜ್ಞಾನಿ ಫೂಕೋ 1851ರಲ್ಲಿ ಲೋಲಕ ತೂಗಿಬಿಟ್ಟು ಜನರಿಗೆ ತೋರಿಸಿದ್ದು ಅಲ್ಲೇ. ಈಗಲೂ ಅಲ್ಲೊಂದು ಲೋಲಕ ತೂಗುತ್ತೆ. ಅದನ್ನು ಅರ್ಧ ಗಂಟೆ ನೋಡಿದೆ. ಆಮೇಲೆ ಕಾಲು ನೋವು ಅಂತ ಹೋಟೆಲಿಗೆ ಹೋಗಿ ಮಲಗಿದವನು ಎದ್ದಾಗ ಸಂಜೆ! ಭೂಮಿ ತಿರುಗುತ್ತಲೇ ಇತ್ತು, ನನ್ನ ಪಾಸೂ ಓಡುತ್ತಲೇ ಇತ್ತು.

ಹಾಗಾದ್ರೆ ಏನು ಮಾಡಬೇಕು? ಪಾಸನ್ನು ಬೆಳಿಗ್ಗೆ ಶುರು ಮಾಡಬೇಡಿ, ಮಧ್ಯಾಹ್ನ ಮಾಡಿ. ಅದರಲ್ಲೂ ಬುಧವಾರ ಮಧ್ಯಾಹ್ನ!

[ತೆರೆಯ ಮೇಲೆ: ಬುಧ, ಗುರು, ಶುಕ್ರ]

ಬುಧವಾರವೇ ಯಾಕೆ? ಲೂವ್ರ್ ಮ್ಯೂಸಿಯಂ ಬುಧವಾರ ಮತ್ತು ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತೆ. ಓರ್ಸೆ ಮ್ಯೂಸಿಯಂ ಗುರುವಾರ 9.45ರವರೆಗೆ. ಬುಧವಾರ ಮಧ್ಯಾಹ್ನ 2ಕ್ಕೆ ಮೀಟರ್ ಹಾಕಿ. ಸಂಜೆ ಲೂವ್ರ್. ಗುರುವಾರ ಬೆಳಿಗ್ಗೆ ಪಾಂಥಿಯಾನ್, ಮಧ್ಯಾಹ್ನ ನಿದ್ದೆ (ಈ ಸಲ ಲೆಕ್ಕಕ್ಕೆ ಸೇರಿಸಿದ ನಿದ್ದೆ), ಸಂಜೆ ಓರ್ಸೆ. ಶುಕ್ರವಾರ ಬೆಳಿಗ್ಗೆ ವಿಜಯ ಕಮಾನು ಆರ್ಕ್ ದ ತ್ರಿಯೋಂಫ್ ಹತ್ತಿ. 284 ಮೆಟ್ಟಿಲಿದೆ, ಮಂಡಿಯನ್ನೂ ಒಂದು ಮಾತು ಕೇಳಿಕೊಳ್ಳಿ. ಎರಡು ದಿನದ ಪಾಸ್‌ನಲ್ಲಿ ಮೂರು ದಿನ ಓಡಾಡಿದಂತಾಯ್ತು, ಅಲ್ವಾ?

ಆದರೆ ಬುಧವಾರ 2ಕ್ಕೆ ಮೀಟರ್ ಹಾಕೋಕೆ ಎಲ್ಲಿಗೆ ಹೋಗೋದು? ಹಳೆಯ ರಾಜರ ಪ್ರಾರ್ಥನಾ ಮಂದಿರ ಸೇಂತ್ ಶಪೆಲ್‌ಗೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಈ ಕಥೆ ಹೇಳೋದಕ್ಕೇ ನಾನು ಈ ವಿಡಿಯೋ ಮಾಡಿದ್ದು ಅಂದರೂ ತಪ್ಪಿಲ್ಲ.

13ನೇ ಶತಮಾನ. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಎರಡನೇ ಬಾಲ್ಡ್ವಿನ್‌ಗೆ ದುಡ್ಡಿನ ಮುಗ್ಗಟ್ಟು. ಅವನ ಹತ್ತಿರ ಒಂದು ಮುಳ್ಳಿನ ಕಿರೀಟ ಇತ್ತು, ಯೇಸುವಿನ ತಲೆಗೆ ಇಟ್ಟಿದ್ದೇ ಅದು ಅಂತ ನಂಬಿಕೆ. ಅದು ವೆನಿಸ್‌ನವರ ಹತ್ತಿರ ಅಡವಿಗೆ ಹೋಗಿತ್ತು. ಹೌದು, ಅಡವು! ಫ್ರಾನ್ಸಿನ ರಾಜ ಒಂಬತ್ತನೇ ಲೂಯಿ ಅದನ್ನು ಬಿಡಿಸಿಕೊಂಡ. ಖರ್ಚು 1,35,000 ಲಿವ್ರ್ (ಆಗಿನ ಫ್ರಾನ್ಸಿನ ಹಣ) ಅಂತ ಹೇಳುತ್ತಾರೆ. ಆಮೇಲೆ ಅದನ್ನು ಇಡೋದಕ್ಕೆ ಅಂತ ಕಟ್ಟಿಸಿದ್ದೇ ಸೇಂತ್ ಶಪೆಲ್. 1248ರಲ್ಲಿ ಅದರ ಪ್ರತಿಷ್ಠೆ ಆಯ್ತು. ಕಟ್ಟೋಕೆ ಆದ ಖರ್ಚು ಸುಮಾರು 40,000 ಲಿವ್ರ್. ಅಂದ್ರೆ ಒಡವೆಗೆ ಕೊಟ್ಟಿದ್ದರಲ್ಲಿ ಮೂರನೇ ಒಂದು ಪಾಲೂ ಪೆಟ್ಟಿಗೆಗೆ ಆಗಲಿಲ್ಲ.

ಆ ಪೆಟ್ಟಿಗೆಯಾದರೂ ಎಂಥದ್ದು! ಮೇಲಿನ ಅಂತಸ್ತಿನಲ್ಲಿ ಗೋಡೆಯೇ ಇಲ್ಲವೇನೋ ಅನ್ನಿಸುತ್ತೆ. 15 ಕಿಟಕಿಗಳು, ಬಣ್ಣದ ಗಾಜಿನಲ್ಲಿ 1,113 ದೃಶ್ಯಗಳು. ಬಿಸಿಲು ಬಿದ್ದಾಗ ನೆಲದ ಮೇಲೆಲ್ಲ ನೀಲಿ, ಕೆಂಪು. ಮೋಡ ಇದ್ದ ದಿನ ಹೋದರೆ ಅರ್ಧ ಸೊಗಸೂ ಕಾಣಲ್ಲ.

ಇನ್ನು ತಮಾಷೆ ನೋಡಿ. ಕಿರೀಟ ಈಗ ಅಲ್ಲಿಲ್ಲ. ಪಕ್ಕದಲ್ಲೇ ಇರುವ ದೊಡ್ಡ ಚರ್ಚ್ ನೋತ್ರ್ ದಾಮ್‌ನಲ್ಲಿದೆ. 2019ರ ಬೆಂಕಿಯಲ್ಲಿ ಅದನ್ನು ಹೊರಗೆ ತಂದು ಉಳಿಸಿದರು. ನೋತ್ರ್ ದಾಮ್ ಒಳಗೆ ಹೋಗೋಕೆ ದುಡ್ಡಿಲ್ಲ. ಖಾಲಿ ಪೆಟ್ಟಿಗೆ ನೋಡೋಕೆ ಟಿಕೆಟ್, ಒಡವೆ ಇರುವ ಕಡೆ ಪುಕ್ಕಟೆ! ಆದರೂ ನನ್ನನ್ನು ಕೇಳಿದರೆ ಪೆಟ್ಟಿಗೆಯನ್ನೇ ನೋಡಿ ಅಂತೀನಿ.

ಸೇಂತ್ ಶಪೆಲ್ ಇರೋದು ನ್ಯಾಯಾಲಯದ ಆವರಣದ ಒಳಗೆ. ಹಾಗಾಗಿ ತಪಾಸಣೆ ಬಿಗಿ. "ಪಾಸ್ ಇದೆ, ಕ್ಯೂ ಇಲ್ಲ" ಅಂತ ಅಂದುಕೊಂಡವರ ಉತ್ಸಾಹ ಇಳಿಯೋದು ಇಲ್ಲೇ. ಪಾಸ್ ಇದ್ದರೆ ಟಿಕೆಟ್ ಕ್ಯೂ ತಪ್ಪುತ್ತೆ. ಬ್ಯಾಗ್ ತಪಾಸಣೆಯ ಕ್ಯೂ ಯಾರಿಗೂ ತಪ್ಪಲ್ಲ. ಅರ್ಧ ಗಂಟೆ ಮುಂಚೆ ಹೋಗಿ. ಕ್ಯೂನಲ್ಲಿ ನಿಂತಾಗ ಮೀಟರ್ ಓಡಲ್ಲ, ಇನ್ನೂ ಸ್ಕ್ಯಾನ್ ಆಗಿರಲ್ಲವಲ್ಲ!

ಅಯ್ಯೋ, ಪೆಟ್ಟಿಗೆ ಕಥೆಯಲ್ಲೇ ಟೈಮ್ ಹೋಯ್ತು. ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿಬಿಡ್ತೀನಿ.

ಪಾಸ್ ಇದ್ದರೂ ಲೂವ್ರ್, ಸೇಂತ್ ಶಪೆಲ್, ವರ್ಸಾಯ್ ಅರಮನೆಗೆ ಸಮಯ ಮೊದಲೇ ಬುಕ್ ಮಾಡಲೇಬೇಕು. ನಿಮ್ಮ ತಾರೀಖಿಗೆ ಸ್ಲಾಟ್ ಸಿಗುತ್ತಾ ಅಂತ ನೋಡಿ, ಆಮೇಲೆ ಪಾಸ್ ಕೊಳ್ಳಿ. ಉಲ್ಟಾ ಮಾಡಿ ಒದ್ದಾಡಬೇಡಿ. ಲೂವ್ರ್‌ಗೆ ಮಂಗಳವಾರ ರಜೆ. ಓರ್ಸೆ, ವರ್ಸಾಯ್ ಎರಡಕ್ಕೂ ಸೋಮವಾರ ರಜೆ. ಮಕ್ಕಳಿಗೆ 18 ತುಂಬಿಲ್ಲ ಅಂದರೆ ಪಾಸ್‌ನಲ್ಲಿ ಸೇರಿದೆ ಅಂತ ಇಲ್ಲಿ ಹೇಳಿದ ಜಾಗಗಳಿಗೆಲ್ಲ ಪುಕ್ಕಟೆ, ಅವರಿಗೆ ಪಾಸ್ ಕೊಂಡರೆ ದುಡ್ಡು ದಂಡ.

ಇನ್ನು ಲೆಕ್ಕ. 2026ರ ಜನವರಿಯಿಂದ ಲೂವ್ರ್‌ನಲ್ಲಿ ಯುರೋಪಿನ ಹೊರಗಿನವರಿಗೆ 32 ಯೂರೋ. ಅಂದ್ರೆ ನಮಗೂ ಅಷ್ಟೇ. ಹಾಗಾಗಿ ಮೊದಲಿಗಿಂತ ಪಾಸ್ ಗಿಟ್ಟುವ ಸಾಧ್ಯತೆ ಜಾಸ್ತಿ. ಆದರೆ ಕೂಡಿಸುವಾಗ ನಿಯತ್ತಾಗಿ ಕೂಡಿಸಿ. ಪಾಸ್ ಇಲ್ಲದಿದ್ದರೂ ಹೋಗೇ ಹೋಗ್ತಿದ್ದೆ ಅನ್ನುವ ಜಾಗಗಳ ಬೆಲೆ ಮಾತ್ರ ಹಿಡಿಯಿರಿ. "ಹೇಗೂ ಪಾಸ್‌ನಲ್ಲಿದೆ" ಅಂತ ಹೋಗುವ ಜಾಗ ಉಳಿತಾಯ ಅಲ್ಲ, ಬರೀ ಸುಸ್ತು.

ಲಂಡನ್ ಬಗ್ಗೆ ಕೇಳಿದವರಿಗೂ ಎರಡು ಮಾತು. ಅಲ್ಲಿ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಯಂಥ ದೊಡ್ಡ ಜಾಗಗಳಿಗೆ ಪಾಸೇ ಬೇಕಿಲ್ಲ, ಪುಕ್ಕಟೆ. ಮತ್ತೆ, ದಿನದ ಲೆಕ್ಕದ ಲಂಡನ್ ಪಾಸ್ ಗಂಟೆ ನೋಡಲ್ಲ, ತಾರೀಖು ನೋಡುತ್ತೆ. ಮಧ್ಯಾಹ್ನ 2ಕ್ಕೆ ಶುರು ಮಾಡಿದರೂ ಒಂದು ಪೂರ್ತಿ ದಿನ ಖರ್ಚಾದ ಹಾಗೆ. ನನ್ನ ಬುಧವಾರದ ಉಪಾಯ ಅಲ್ಲಿ ನಡೆಯಲ್ಲ. ಅಲ್ಲಿ ಅಲಾರಂ ಇಟ್ಟುಕೊಂಡು ಎದ್ದೇಳಿ!