ಗ್ರೂಪ್ ಪ್ರಾಜೆಕ್ಟ್ ಕೊಟ್ಟರೆ ಕೂಡಿ ಕೆಲಸ ಮಾಡೋದು ಬಂದುಬಿಡುತ್ತಾ?

ನಮಸ್ಕಾರ. ಇವತ್ತು ಗ್ರಾಫಿಕ್ ಡಿಸೈನ್ ಕಲಿಸುವವರ ಜೊತೆ ನನ್ನದೊಂದು ಸಣ್ಣ ಜಗಳ ಇದೆ. ಕಲಿಯುವವರೂ ಕೂತು ಕೇಳಿ, ನಿಮ್ಮ ಪರವಾಗಿಯೇ ಮಾತಾಡುತ್ತೇನೆ. ಪೂರ್ತಿ ಅಲ್ಲ, ಮುಕ್ಕಾಲು ಭಾಗ.

ಈಗ ಡಿಸೈನ್ ಕೋರ್ಸ್ ಅಂದಮೇಲೆ ಅದರಲ್ಲಿ ‘ಕೊಲಾಬರೇಷನ್’ ಅನ್ನೋ ಮಾತು ಇದ್ದೇ ಇರುತ್ತದೆ. ಅದನ್ನು ಕಲಿಸೋದು ಹೇಗೆ? ಹೆಚ್ಚಿನ ಕಡೆ ನಾಲ್ಕು ಜನರನ್ನು ಒಂದು ಗುಂಪು ಮಾಡುತ್ತಾರೆ, ಏನು ಮಾಡಬೇಕು ಅಂತ ಹೇಳುವ ಒಂದು ಬ್ರೀಫ್ ಕೊಡುತ್ತಾರೆ, ಮೂರು ವಾರ ಬಿಟ್ಟು ಜ್ಯೂರಿಗೆ, ಅಂದರೆ ಕೆಲಸ ನೋಡಿ ಅಳೆಯುವವರ ಮುಂದೆ, ಬನ್ನಿ ಅನ್ನುತ್ತಾರೆ. ಪಾಠ ಮುಗಿಯಿತು.

ಆಮೇಲೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಇಲ್ಲಸ್ಟ್ರೇಟರ್ ಸಾಫ್ಟ್‌ವೇರ್ ಚೆನ್ನಾಗಿ ಬರುವ ಹುಡುಗಿ ನಿದ್ದೆಗೆಟ್ಟು ಎಲ್ಲವನ್ನೂ ಮಾಡುತ್ತಾಳೆ. ಇಂಗ್ಲಿಷ್ ಸರಾಗವಾಗಿ ಬರುವ ಹುಡುಗ ಜ್ಯೂರಿ ಮುಂದೆ ನಿಂತು ‘ವೀ ಎಕ್ಸ್‌ಪ್ಲೋರ್ಡ್’ ಅಂತ ಶುರು ಹಚ್ಚುತ್ತಾನೆ. ಮೂರನೆಯವರು ಪ್ರಿಂಟ್ ಹಾಕಿಸಿಕೊಂಡು ಬರುತ್ತಾರೆ. ನಾಲ್ಕನೆಯವರ ದರ್ಶನ ಜ್ಯೂರಿ ದಿನವೇ. ನಾಲ್ವರಿಗೂ ಒಂದೇ ಮಾರ್ಕ್ಸ್. ಇದರಿಂದ ಆ ಹುಡುಗಿ ಕಲಿತದ್ದು ಏನು? ಇನ್ನೊಬ್ಬರನ್ನು ನಂಬಿದರೆ ಕೆಟ್ಟೆ ಅಂತ. ಆ ಹುಡುಗ ಕಲಿತದ್ದು? ಬಾಯಿದ್ದರೆ ಸಾಕು ಅಂತ. ಎರಡೂ ಕೊಲಾಬರೇಷನ್‌ಗೆ ವಿರುದ್ಧವಾದ ಪಾಠಗಳೇ, ಅಲ್ವಾ?

ತಮಾಷೆ ನೋಡಿ. ನಮ್ಮ ದೇಶದಲ್ಲಿ ಡಿಸೈನ್ ಶಿಕ್ಷಣಕ್ಕೆ ಬುನಾದಿ ಹಾಕಿದ ವರದಿ ಹೇಳಿದ್ದೇ ಬೇರೆ. ಭಾರತ ಸರ್ಕಾರ ಕರೆದ ಮೇಲೆ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅಮೆರಿಕದಿಂದ ಬಂದು ದೇಶ ಸುತ್ತಿದರು, 1958ರಲ್ಲಿ ‘ಇಂಡಿಯಾ ರಿಪೋರ್ಟ್’ ಬರೆದರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಶುರುವಾಯಿತು. ಆ ವರದಿಯಲ್ಲಿ ಅವರು ಮನಸೋತದ್ದು ನಮ್ಮ ತಂಬಿಗೆಗೆ. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ತಲೆ ಮೇಲೆ ಹೇಗೆ ನಿಲ್ಲಬೇಕು, ಸುರಿಯುವಾಗ ಏನಾಗಬೇಕು, ತೊಳೆಯೋಕೆ ಕೈ ಒಳಗೆ ಹೋಗಬೇಕೋ ಬೇಡವೋ, ಬೆಲೆ ಎಷ್ಟಿರಬೇಕು ಅಂತ ಉದ್ದಕ್ಕೆ ಪಟ್ಟಿ ಮಾಡಿ, ಕೊನೆಗೆ ಇದನ್ನು ಯಾರೋ ಒಬ್ಬ ವಿನ್ಯಾಸ ಮಾಡಿರಲಿಕ್ಕೆ ಸಾಧ್ಯವೇ ಇಲ್ಲ, ತಲೆಮಾರುಗಳ ಕಾಲ ಬಹಳ ಜನ ಸೇರಿ ಮಾಡಿದ್ದು ಅಂದರು. ನಾವು ಆ ಸಾಲನ್ನು ಮೊದಲ ವರ್ಷದ ಸ್ಲೈಡ್‌ನಲ್ಲಿ ತೋರಿಸುತ್ತೇವೆ. ಮುಂದಿನ ಸ್ಲೈಡ್‌ನಿಂದ ಶುರು: ಈ ಲೋಗೋ ಇವರದ್ದು, ಆ ಪೋಸ್ಟರ್ ಅವರದ್ದು.

ಈಗ ಒಂದು ಜ್ಯೂರಿಯಲ್ಲಿ ಕಂಡದ್ದನ್ನು ಹೇಳಬೇಕು. ಕಾಲೇಜಿನ ಹೆಸರು ಬೇಡ. ಬೆಂಗಳೂರಿನದ್ದು, ದೇಶದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ. ಒಂದು ಗುಂಪಿಗೆ ಡೆಂಗಿ ಬಗ್ಗೆ ಪೋಸ್ಟರ್ ಮಾಡುವ ಕೆಲಸ. ಬಸ್ ಸ್ಟ್ಯಾಂಡು, ಪ್ರಾಥಮಿಕ ಆರೋಗ್ಯ ಕೇಂದ್ರ, ಇಂಥ ಕಡೆ ಅಂಟಿಸೋಕೆ. ನಾಲ್ವರಲ್ಲಿ ಕನ್ನಡ ಬರುತ್ತಿದ್ದದ್ದು ಒಬ್ಬಳಿಗೆ, ಹಾಸನದ ಹುಡುಗಿ. ಪೋಸ್ಟರ್ ಪೂರ್ತಿ ಇಂಗ್ಲಿಷಿನಲ್ಲಿ ತಯಾರಾಯಿತು. ಗ್ರಿಡ್ (ಅಕ್ಷರ, ಚಿತ್ರ ಎಲ್ಲೆಲ್ಲಿ ಕೂರಬೇಕು ಅನ್ನೋ ಗೆರೆಗಳ ಚೌಕಟ್ಟು), ಬಣ್ಣ, ಚಿತ್ರ, ಎಲ್ಲ ಮುಗಿದ ಮೇಲೆ, ಕೊನೆಯ ರಾತ್ರಿ, ಅವಳಿಗೆ ಹೇಳಿದರು: ಇದನ್ನು ಸ್ವಲ್ಪ ಕನ್ನಡ ಮಾಡಿಕೊಡು. ಅವಳು ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದಳು. ಇನ್ನೊಬ್ಬ ಅದನ್ನು ತೆಗೆದು ಇಲ್ಲಸ್ಟ್ರೇಟರ್‌ಗೆ ಪೇಸ್ಟ್ ಮಾಡಿದ.

ಅಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಆಗಿರಲಿಲ್ಲ. ಹಾಗಾಗಿ ಒತ್ತಕ್ಷರ ಎಲ್ಲ ಬಿಚ್ಚಿಕೊಂಡವು. ‘ಸೊಳ್ಳೆ’ ಹೋಗಿ ‘ಸೊಳ್‌ಳೆ’. ‘ತೊಟ್ಟಿ ಮುಚ್ಚಿ’ ಹೋಗಿ ‘ತೊಟ್‌ಟಿ ಮುಚ್‌ಚಿ’. ಎ2 ಸೈಜಿನಲ್ಲಿ, ನಾಲ್ಕು ಬಣ್ಣದಲ್ಲಿ, ಗೋಡೆ ಮೇಲೆ. ಪೇಸ್ಟ್ ಮಾಡಿದವನಿಗೆ ಅದು ತಪ್ಪು ಅಂತ ಕಾಣೋದಿಲ್ಲ, ಅವನಿಗೆ ಎಲ್ಲ ಕನ್ನಡವೂ ಒಂದೇ. ಜ್ಯೂರಿಯಲ್ಲಿ ನನ್ನ ಪಕ್ಕ ಕೂತಿದ್ದವರು ಬಣ್ಣಗಳ ಆಯ್ಕೆ ಚೆನ್ನಾಗಿದೆ ಅಂದರು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳೋದಿಲ್ಲ.

ಒತ್ತಕ್ಷರ ಸರಿ ಮಾಡೋದು ಒಂದು ನಿಮಿಷದ ಕೆಲಸ, ಸೆಟ್ಟಿಂಗ್ ಬದಲಾಯಿಸಿದರೆ ಆಯಿತು. ನನಗೆ ಬೇಜಾರಾಗಿದ್ದು ಅದಕ್ಕಲ್ಲ. ಇಂಗ್ಲಿಷ್ ಲೆಕ್ಕದಲ್ಲಿ ಸಾಲುಗಳ ನಡುವಿನ ಜಾಗ ಇಟ್ಟಿದ್ದರು. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’ ಥರದ ಪದ ಬಂದು, ಕೆಳಗಿನ ಸಾಲಿನಲ್ಲಿ ಅದರ ನೇರಕ್ಕೆ ‘ತೊಟ್ಟಿ’ ಬಂದರೆ ಒತ್ತು ಹೋಗಿ ಗುಡಿಸಿಗೆ ಬಡಿಯುತ್ತದೆ. ಅಂದರೆ ಕನ್ನಡ ಪೋಸ್ಟರ್‌ಗೆ ಗ್ರಿಡ್ಡೇ ಬೇರೆ. ಆ ಗ್ರಿಡ್ ಮೊದಲ ದಿನ ನಿರ್ಧಾರ ಆಗಬೇಕು, ಕೊನೆಯ ರಾತ್ರಿ ಅಲ್ಲ. ಹಾಸನದ ಹುಡುಗಿಗೆ ಇದೆಲ್ಲ ಗೊತ್ತಿತ್ತು, ಕೇಳಿದಾಗ ಪಟಪಟ ಹೇಳಿದಳು. ಮೊದಲ ದಿನ ಅವಳನ್ನು ಯಾರೂ ಕೇಳಿರಲಿಲ್ಲ. ಅವಳೂ ಬಾಯಿ ಬಿಟ್ಟಿರಲಿಲ್ಲ. ಕೇಳೋದು ಮತ್ತು ಬಾಯಿ ಬಿಡೋದು, ಈ ಎರಡನ್ನೂ ಆ ಕಾಲೇಜಿನಲ್ಲಿ ಯಾರೂ ಯಾರಿಗೂ ಕಲಿಸಿರಲಿಲ್ಲ.

ಇದು ಬರೀ ಭಾಷಾಭಿಮಾನದ ಮಾತು ಅಂದುಕೊಳ್ಳಬೇಡಿ. 2024ರ ಕಾನೂನಿನ ಪ್ರಕಾರ ಕರ್ನಾಟಕದಲ್ಲಿ ಅಂಗಡಿ ಬೋರ್ಡ್‌ಗಳಲ್ಲಿ 60% ಕನ್ನಡ ಇರಬೇಕು. ಅಂದರೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಡಿಸೈನರ್ ಕನ್ನಡ ಬಲ್ಲವರ ಜೊತೆ ಕೂತು ಕೆಲಸ ಮಾಡದೆ ಬೇರೆ ದಾರಿಯೇ ಇಲ್ಲ.

ಹಾಗಾದರೆ ಕಲಿಸೋದು ಹೇಗೆ? ನೂರು ವರ್ಷದ ಹಿಂದೆಯೇ ಇದಕ್ಕೊಂದು ಚಂದದ ಮಾದರಿ ಇತ್ತು. 1925ರಲ್ಲಿ ವಿಯೆನ್ನಾದಲ್ಲಿ ಓಟೊ ನೊಯ್ರಾಟ್ ಅನ್ನುವವರು ಒಂದು ಮ್ಯೂಸಿಯಂ ಶುರು ಮಾಡಿದರು. ಮನೆ, ಕೂಲಿ, ರೋಗ, ವ್ಯಾಪಾರ, ಇವುಗಳ ಅಂಕಿಅಂಶವನ್ನು ಜನಸಾಮಾನ್ಯರಿಗೆ ಚಿತ್ರದಲ್ಲಿ ತೋರಿಸೋದು ಅವರ ಉದ್ದೇಶ. ಆಮೇಲೆ ಅದೇ ಪದ್ಧತಿಗೆ ಐಸೊಟೈಪ್ ಅಂತ ಹೆಸರು ಬಂತು. ಇವತ್ತು ಪತ್ರಿಕೆಯಲ್ಲಿ ನೀವು ನೋಡುವ ಇನ್ಫೋಗ್ರಾಫಿಕ್‌ಗಳ ಅಜ್ಜ ಅದು. ಅಲ್ಲಿ ಕೆಲಸ ಹೇಗೆ ಹಂಚಿತ್ತು ಅಂದರೆ, ಒಂದು ಕಡೆ ಅಂಕಿಅಂಶ ತಜ್ಞರು. ಇನ್ನೊಂದು ಕಡೆ ಗೆರ್ಡ್ ಆರ್ಂಟ್ಸ್ ಥರದ ಕಲಾವಿದರು, ಚಿಹ್ನೆ ಬರೆಯುವವರು. ಇವರಿಬ್ಬರ ನಡುವೆ ಮಾರಿ ರೈಡೆಮೈಸ್ಟರ್. ಅವರ ಕೆಲಸದ ಹೆಸರೇ ‘ಟ್ರಾನ್ಸ್‌ಫಾರ್ಮರ್’. ತಜ್ಞರು ಕೊಟ್ಟ ರಾಶಿ ಲೆಕ್ಕದಲ್ಲಿ ಜನರಿಗೆ ಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು, ಯಾವುದರ ಪಕ್ಕ ಯಾವುದನ್ನು ಇಡಬೇಕು ಅಂತ ಪೆನ್ಸಿಲ್‌ನಲ್ಲಿ ಗೀಚಿ ಕಲಾವಿದರಿಗೆ ಕೊಡೋದು. ಆರ್ಂಟ್ಸ್‌ಗೆ ಲೆಕ್ಕ ಗೊತ್ತಿರಬೇಕಿಲ್ಲ, ಲೆಕ್ಕದವರಿಗೆ ಚಿತ್ರ ಬರಬೇಕಿಲ್ಲ. ಆದರೆ ಮಾರಿಗೆ ಇಬ್ಬರ ಮಾತೂ ಅರ್ಥ ಆಗಬೇಕು, ಇಬ್ಬರಿಗೂ ‘ಇಲ್ಲ, ಹೀಗಾದರೆ ಓದುವವರಿಗೆ ಗೊತ್ತಾಗಲ್ಲ’ ಅನ್ನುವ ಧೈರ್ಯ ಇರಬೇಕು.

ನಮ್ಮ ಕ್ಲಾಸುಗಳಲ್ಲಿ ಈ ಕುರ್ಚಿಯೇ ಇಲ್ಲ. ನಾಲ್ವರೂ ಡಿಸೈನರ್‌ಗಳೇ, ನಾಲ್ವರಿಗೂ ಲೇಔಟ್ ಮಾಡೋದೇ ಇಷ್ಟ, ಹಾಗಾಗಿ ಜೋರಾಗಿರುವವರು ಗೆಲ್ಲುತ್ತಾರೆ. ನನ್ನನ್ನು ಕೇಳಿದರೆ ಗುಂಪು ಮಾಡುವಾಗಲೇ ಒಬ್ಬರಿಗೆ ಹೇಳಿ: ನೀನು ಈ ಮೂರು ವಾರ ಸಾಫ್ಟ್‌ವೇರ್ ಮುಟ್ಟುವ ಹಾಗಿಲ್ಲ. ಆಶಾ ಕಾರ್ಯಕರ್ತೆ ಹತ್ತಿರ ಮಾತಾಡು, ಜನ ಪೋಸ್ಟರ್ ಎಲ್ಲಿ ನಿಂತು ಓದುತ್ತಾರೆ ನೋಡು, ಬಂದು ಇವರ ಜೊತೆ ವಾದ ಮಾಡು. ಮುಂದಿನ ಪ್ರಾಜೆಕ್ಟ್‌ನಲ್ಲಿ ಆ ಕೆಲಸ ಇನ್ನೊಬ್ಬರದ್ದು.

ಇನ್ನೊಂದು ಸಲಹೆ, ಇದಕ್ಕೆ ಮಕ್ಕಳಿಂದ ಬೈಗುಳ ಗ್ಯಾರಂಟಿ. ಮೂರು ವಾರದ ಕೆಲಸದಲ್ಲಿ ಅರ್ಧ ದಾರಿಯಲ್ಲಿ ಗುಂಪುಗಳು ಫೈಲ್ ಅದಲುಬದಲು ಮಾಡಿಕೊಳ್ಳಬೇಕು. ನಿಮ್ಮ ಪೋಸ್ಟರ್ ಅವರು ಮುಗಿಸುತ್ತಾರೆ, ಅವರದ್ದು ನೀವು. ಆಗ ಗೊತ್ತಾಗುತ್ತದೆ ‘ಫೈನಲ್_ಫೈನಲ್_2’ ಅಂತ ಹೆಸರಿಟ್ಟ ಫೈಲಿನ ಮಹಿಮೆ. ಲೇಯರ್‌ಗಳಿಗೆ ಹೆಸರಿಲ್ಲ, ಫಾಂಟ್ ಕಾಣೆ, ಲಿಂಕ್ ಮಾಡಿದ ಫೋಟೋ ಯಾರದೋ ಡೆಸ್ಕ್‌ಟಾಪ್‌ನಲ್ಲಿ. ಸ್ಟುಡಿಯೋದಲ್ಲಿ ನಿತ್ಯ ನಡೆಯೋದೇ ಇದು. ಯಾರೋ ಕೆಲಸ ಬಿಟ್ಟು ಹೋಗುತ್ತಾರೆ, ಅವರ ಅರ್ಧ ಕೆಲಸ ನಿಮ್ಮ ತಲೆಗೆ ಬರುತ್ತದೆ. ನನ್ನ ಮಟ್ಟಿಗೆ ಕೊಲಾಬರೇಷನ್‌ನ ಅಸಲಿ ಪರೀಕ್ಷೆ ಇದು: ನೀವು ಪಕ್ಕದಲ್ಲಿ ಇಲ್ಲದಾಗ ಇನ್ನೊಬ್ಬರು ನಿಮ್ಮ ಕೆಲಸ ಮುಂದುವರಿಸಬಲ್ಲರಾ? ಹಲವರು ಒಂದೇ ಫೈಲಿನಲ್ಲಿ ಒಟ್ಟಿಗೆ ಕೆಲಸ ಮಾಡುವ ಫಿಗ್ಮಾ ಸಾಫ್ಟ್‌ವೇರ್‌ನಲ್ಲಿ ನಾಲ್ವರ ನಾಲ್ಕು ಬಣ್ಣದ ಬಾಣಗಳು ಒಟ್ಟಿಗೆ ಓಡಾಡಿದರೆ ನೋಡೋಕೆ ಚೆಂದ. ಓಡಾಡೋದು ಬೇರೆ, ಒಟ್ಟಿಗೆ ಯೋಚನೆ ಮಾಡೋದು ಬೇರೆ.

ಬಾಲೂ ಅನ್ನೋ ಫಾಂಟ್ ನೋಡಿರುತ್ತೀರಿ, ದಪ್ಪಗೆ, ಮುದ್ದಾಗಿದೆ. ಮುಂಬೈನ ಏಕ್ ಟೈಪ್ ತಂಡದ್ದು. ಕನ್ನಡದ್ದು ಬಾಲೂ ತಮ್ಮ, ತೆಲುಗಿನದ್ದು ಬಾಲೂ ತಮ್ಮುಡು, ತಮಿಳಿನದ್ದು ಬಾಲೂ ತಂಬಿ, ಮಲಯಾಳಂದು ಬಾಲೂ ಚೇಟ್ಟನ್, ಬಂಗಾಳಿಯದ್ದು ಬಾಲೂ ದಾ. ಎಲ್ಲವೂ ಒಂದೇ ಮನೆಯ ಮಕ್ಕಳ ಹಾಗೆ ಕಾಣಬೇಕು, ಆದರೆ ಕನ್ನಡ ಕನ್ನಡದ ಹಾಗೆಯೇ ಇರಬೇಕು. ಒಬ್ಬರೇ ಕೂತು ಇಷ್ಟು ಲಿಪಿ ಪಳಗಿಸೋದು ಆಗದ ಮಾತು. ಟೈಪೋಗ್ರಫಿ ಕ್ಲಾಸಿನಲ್ಲಿ ಆ ಅಕ್ಷರಗಳ ಅಂದ ತೋರಿಸುತ್ತೇವೆ. ಲಿಪಿಯಿಂದ ಲಿಪಿಗೆ ಯಾವುದನ್ನು ಒಂದೇ ಥರ ಇಟ್ಟರು, ಯಾವುದನ್ನು ಬಿಟ್ಟುಕೊಟ್ಟರು ಅಂತಲೂ ಕೇಳಿದರೆ ಅದೇ ಒಂದು ಸೆಮಿಸ್ಟರ್‌ಗಾಗುವಷ್ಟು ಪಾಠ.

ಮಾರ್ಕ್ಸ್ ವಿಷಯಕ್ಕೆ ಬರೋಣ, ಯಾಕಂದರೆ ಮಕ್ಕಳು ಓದೋದು ಬ್ರೀಫ್ ಅಲ್ಲ, ಮಾರ್ಕ್ಸ್ ಹಂಚಿಕೆ. ಯಾವುದಾದರೂ ಕನ್ನಡ ಪುಸ್ತಕದ ಮೊದಲ ಕೆಲವು ಪುಟ ತಿರುಗಿಸಿ. ಮುಖಪುಟ ಕಲೆ ಇಂಥವರದ್ದು, ಒಳಚಿತ್ರ ಇಂಥವರದ್ದು, ಅಕ್ಷರ ಜೋಡಣೆ ಇಂಥವರದ್ದು, ಮುದ್ರಣ ಇಂಥ ಪ್ರೆಸ್ಸು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪ್ರತಿ ಗ್ರೂಪ್ ಪ್ರಾಜೆಕ್ಟ್‌ಗೂ ಇಂಥದ್ದೊಂದು ಪುಟ ಬರೆಸಿ. ನಾಲ್ವರೂ ಒಪ್ಪಿ ಸಹಿ ಹಾಕಬೇಕು. ಐಡಿಯಾ ಯಾರದ್ದು, ಅದನ್ನು ಬೇಡ ಅಂದವರು ಯಾರು, ಕನ್ನಡ ತಿದ್ದಿದವರು ಯಾರು. ಪ್ರಿಂಟಿಂಗ್ ಪ್ರೆಸ್ಸಿನವರ ಹೆಸರೂ ಇರಲಿ. ಸುಲ್ತಾನ್‌ಪೇಟೆಯ ಯಾವುದೋ ಪ್ರೆಸ್ಸಿನಲ್ಲಿ ಮೆಷಿನ್ ಮುಂದೆ ನಿಂತವರು ‘ಕಪ್ಪು ಹಿನ್ನೆಲೆ ಮೇಲೆ ಇಷ್ಟು ಸಣ್ಣ ಬಿಳಿ ಅಕ್ಷರ ಇಟ್ಟರೆ ತುಂಬಿಕೊಳ್ಳುತ್ತೆ ಮೇಡಂ, ಸ್ವಲ್ಪ ದಪ್ಪ ಮಾಡಿ’ ಅಂದರೆ, ಅದೂ ಡಿಸೈನ್ ಸಲಹೆಯೇ. ಆ ಪುಟ ಬರೆಯುವಾಗ ಜಗಳ ಆಗುತ್ತದೆ. ಆಗಲಿ, ಆ ಜಗಳದ ಹೊತ್ತಿಗೆ ಮೇಷ್ಟ್ರು ಪಕ್ಕದಲ್ಲಿ ಇರಲಿ. ಮೂರು ವಾರ ಬಿಟ್ಟು ಜ್ಯೂರಿಗೆ ಬರುವ ಮೇಷ್ಟ್ರಿಗೆ ಏನು ಕಾಣಬೇಕೋ ಅದು ಕಾಣೋದೇ ಇಲ್ಲ.

ಇದೆಲ್ಲ ಆಗದ ಮಾತು ಅನ್ನುವವರಿಗೆ ನಾನು ಹೆಗ್ಗೋಡಿನ ಕಡೆ ಕೈ ತೋರಿಸುತ್ತೇನೆ. ಅಲ್ಲಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ‘ತಿರುಗಾಟ’ ಶುರುವಾಯಿತು. ರಾತ್ರಿ ರಾಜನ ಪಾರ್ಟು ಮಾಡಿದವರೇ ಆಟ ಮುಗಿದ ಮೇಲೆ ಸೆಟ್ ಬಿಚ್ಚಬೇಕು, ಮುಂದಿನ ಊರಿನಲ್ಲಿ ಮತ್ತೆ ಕಟ್ಟಬೇಕು. ಲೈಟ್ ಮಾಡುವವರ ಕಷ್ಟ ಏನು ಅಂತ ನಟರಿಗೆ ಯಾರೂ ಉಪನ್ಯಾಸ ಕೊಡಬೇಕಾಗಿಲ್ಲ, ಮೈಗೆ ಗೊತ್ತಾಗುತ್ತದೆ. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಷ್ಟು ವರ್ಷ ನಡೆದದ್ದು ಬೆಂಗಳೂರಿನ ಏಸಿ ಸ್ಟುಡಿಯೋದಲ್ಲಿ ಯಾಕೆ ಆಗಬಾರದು?

ಎದುರು ವಾದ ಒಂದಿದೆ, ನ್ಯಾಯವಾದದ್ದೇ. ಕೆಲಸಕ್ಕೆ ಹೋದಾಗ ಕೇಳೋದು ‘ನೀವು ಮಾಡಿದ್ದು ಯಾವುದು’ ಅಂತ. ಗ್ರೂಪ್ ಕೆಲಸ ತೋರಿಸಿದರೆ ಯಾರೂ ನಂಬೋದಿಲ್ಲ. ಮೊದಲು ತನ್ನ ಕೈ ಕುದುರಬೇಕು ಅನ್ನೋದೂ ನಿಜ. ಮೊದಲ ಸೆಮಿಸ್ಟರ್‌ನಲ್ಲೇ ಗ್ರೂಪ್ ಮಾಡೋದು ನನಗೂ ಇಷ್ಟ ಇಲ್ಲ, ಗೆರೆ ನೆಟ್ಟಗೆ ಎಳೆಯೋಕೆ ಬರದವರು ಒಬ್ಬರ ಗೆರೆಯನ್ನೊಬ್ಬರು ತಿದ್ದಿ ಏನು ಪ್ರಯೋಜನ. ಆದರೆ ಇಂಟರ್‌ವ್ಯೂ ಮಾಡುವವರು ನಾವೇ ತಾನೇ? ನಾನೀಗ ಪೋರ್ಟ್‌ಫೋಲಿಯೋದಲ್ಲಿ ಗ್ರೂಪ್ ಪ್ರಾಜೆಕ್ಟ್ ಕಂಡರೆ ಬೇರೆ ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ನಿಮಗೆ ಇಷ್ಟ ಇಲ್ಲದಿದ್ದರೂ ಬಿಟ್ಟುಕೊಟ್ಟದ್ದು ಯಾವುದು, ಯಾಕೆ ಬಿಟ್ಟುಕೊಟ್ಟಿರಿ? ಕೆಲವರು ಥಟ್ಟನೆ ಹೇಳುತ್ತಾರೆ, ಈ ಹಳದಿ ನನಗೆ ಹಿಡಿಸಿರಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಇಟ್ಟು ನೋಡಿದ ಮೇಲೆ ಒಪ್ಪಿಕೊಂಡೆ ಅಂತ. ಕೆಲವರು ಎಲ್ಲ ನಿರ್ಧಾರವೂ ಎಲ್ಲರೂ ಸೇರಿಯೇ ತಗೊಂಡದ್ದು ಸರ್ ಅನ್ನುತ್ತಾರೆ. ಅವರ ಮುಂದಿನ ಪುಟ ತಿರುಗಿಸುತ್ತೇನೆ.